ಹೆದ್ದಾರಿಯ ಮೇಲೆ ಪಾಠ ಇಟ್ಟವರು

ಅವರ ಶ್ರದ್ಧಾಂಜಲಿ ಸಭೆಗೆ ಹೋಗಿ ಬಂದ ಮೇಲೆ ನನ್ನ ಸಿಟ್ಟು ಇಳಿಯಲು ಎರಡು ದಿನ ಬೇಕಾಯಿತು. ಕಾರವಾರದ ಆ ಸಣ್ಣ ಸಭಾಭವನದಲ್ಲಿ ಒಬ್ಬೊಬ್ಬರಾಗಿ ಎದ್ದು ಅವರ ಬಗ್ಗೆ ಮಾತಾಡಿದರು. ಒಬ್ಬರು, ಅವರು ಸದಾ ಬಿಳಿ ಅಂಗಿ ಹಾಕುತ್ತಿದ್ದರು ಎಂದರು. ಶುದ್ಧ ಸುಳ್ಳು. ಅವರಿಗಿದ್ದದ್ದೆಲ್ಲ ಚೌಕಳಿ ಅಂಗಿ. ಇನ್ನೊಬ್ಬರು, ಅವರು ಮಿತಭಾಷಿ ಎಂದರು. ಅಯ್ಯೋ ದೇವರೇ! ದಿನಾ ಬಸ್ಸಿನಲ್ಲಿ ಅವರ ಪಕ್ಕ ಕೂತ ನನ್ನ ಕಿವಿಯನ್ನು ಕೇಳಬೇಕಿತ್ತು. ಮೂರನೆಯವನು ಹಳೆಯ ವಿದ್ಯಾರ್ಥಿ. ಭಾರೀ ಮಳೆಯಲ್ಲಿ ಸರ್ ತನಗೆ ಕೊಡೆ ಹಿಡಿದು ಹಾಸ್ಟೆಲಿನ ತನಕ ಬಿಟ್ಟುಬಂದರೆಂದು ಹೇಳಿ ಗಳಗಳನೆ ಅತ್ತ. ಆ ಕೊಡೆ ನನ್ನದು. ಬಿಟ್ಟುಬಂದವಳೂ ನಾನೇ. ಸರ್ ಆವತ್ತು ರಜೆಯಲ್ಲಿದ್ದರು.

ಎದ್ದು ನಿಂತು ಹೇಳಿಬಿಡೋಣ ಅನ್ನಿಸಿತು. ಆದರೆ ಸತ್ತವರ ಫೋಟೋದ ಎದುರು ಕೊಡೆಗಾಗಿ ಜಗಳ ಮಾಡಿದಳು ಎಂಬ ಹೆಸರು ನನಗೆ ಬೇಡವಾಗಿತ್ತು. ಆಮೇಲೆ ಯೋಚಿಸಿದರೆ, ಅವರೇ ಅಲ್ಲಿದ್ದಿದ್ದರೆ ಹಿಂದಿನ ಬೆಂಚಿನಲ್ಲಿ ಕೂತು ತೊಡೆ ತಟ್ಟಿಕೊಂಡು ನಗುತ್ತಿದ್ದರು. ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯ ತನಕ ಅವರು ಪಾಠ ಮಾಡಿದ್ದೇ ಇದನ್ನು. ಕಾರವಾರದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಅವರು ಮನೋವಿಜ್ಞಾನ ಕಲಿಸುತ್ತಿದ್ದರು, ನಾನು ಗಣಿತ. ಇಬ್ಬರೂ ಅಂಕೋಲೆಯಿಂದ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು.

"ನೆನಪು ಹೇಳಿದ್ರೆ ಫೋಟೋ ಅಲ್ಲ ಅಕ್ಕೋರೇ," ಎನ್ನುತ್ತಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಊರಿಗೇ ಅಕ್ಕೋರು, 'ಅಂದರೆ' ಅನ್ನಲು 'ಹೇಳಿದ್ರೆ'. "ಅದು ನಿನ್ನೆಯ ಮೀನ್ ಸಾರು. ಇವತ್ತು ಕುದಿಸ್ತೀರಿ, ನಾಳೆ ಮತ್ತೆ ಕುದಿಸ್ತೀರಿ. ಕುದಿಸಿದಾಗೆಲ್ಲ ಚೂರು ಹುಳಿ, ಚೂರು ಉಪ್ಪು ಬೀಳ್ತದೆ. ಮೂರನೇ ದಿವ್ಸಕ್ಕೆ ಭಾರೀ ರುಚಿ ಆಗ್ತದೆ. ಆದ್ರೆ ಮೊದ್ಲಿನ ದಿನದ ಸಾರು ಅದಲ್ಲ."

ಹಾಗಾಗಿ ನಾನು ಈಗ ಬಡಿಸುತ್ತಿರುವುದೂ ಕುದಿಸಿದ ಸಾರೇ ಎಂದು ಮೊದಲೇ ಹೇಳಿಬಿಡುತ್ತೇನೆ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅಂಕೋಲೆಯಿಂದ ಹತ್ತು ಜನ ತಿದ್ದಲು ಬರುತ್ತಾರೆ.

ಅವರು ಅಂಕೋಲೆಯ ಪಕ್ಕದ ಮೀನುಗಾರರ ಊರು ಕೇಣಿಯವರು. ಅಣ್ಣಂದಿರ ಮಕ್ಕಳು ಇವತ್ತಿಗೂ ಸಮುದ್ರಕ್ಕೆ ಹೋಗುತ್ತಾರೆ. "ನಮ್ಮನೇಲಿ ಎಲ್ಲರೂ ದೋಣಿ ಹತ್ತಿದ್ರು, ನಾನೊಬ್ಬ ಬಸ್ ಹತ್ತಿದೆ" ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಎತ್ತರದ ಆಳು. ಬಸ್ಸಿನ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಹತ್ತಬೇಕು, ಆದರೂ ವಾರಕ್ಕೊಮ್ಮೆ ತಪ್ಪದೆ ಹಣೆ ಬಡಿದುಕೊಳ್ಳುವವರು. ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ ಕಿವಿಯ ಸಂದಿಯಲ್ಲಿ ಒಂದು ಸೀಮೆಸುಣ್ಣ. ಸಂಜೆ ಮನೆಗೆ ಹೋಗುವಾಗಲೂ ಅದು ಅಲ್ಲೇ ಇರುತ್ತಿತ್ತು. ಮಾತಿಗೆ ಮೊದಲು ಕಣ್ಣು ಮುಚ್ಚಿ ಅದನ್ನು ಒಮ್ಮೆ ಮುಟ್ಟಿ ನೋಡುವರು, ಆಮೇಲೆ ಶುರುವಾದರೆ ಕಾರವಾರ ಬರುವ ತನಕ ಪುರಸೊತ್ತಿಲ್ಲ.

ಅವರಿಗೆ ಒಂದು ಚಟ ಇತ್ತು. ಯಾರು ಏನು ಮರೆತರೂ ಅದು ಯಾವ ಜಾತಿಯ ಮರೆವು ಎಂದು ಹೇಳಿಬಿಡುವುದು. ನನ್ನ ಗಂಡ ಒಮ್ಮೆ ನಮ್ಮ ಮದುವೆಯ ದಿನ ಮರೆತರು. ಬಸ್ಸಿನಲ್ಲಿ ನಾನು ಬುಸುಗುಡುತ್ತಿದ್ದರೆ ಇವರು ಸಮಾಧಾನ ಹೇಳಿದ ಬಗೆ ನೋಡಿ.

"ಅಕ್ಕೋರೇ, ನೆನಪಲ್ಲಿ ಆಗಿದ್ದರ ನೆನಪು ಬೇರೆ, ಗೊತ್ತಿದ್ದರ ನೆನಪು ಬೇರೆ. ನಿಮ್ಮ ಯಜಮಾನ್ರಿಗೆ ಮದ್ವೆ ಆಗೀದೆ ಹೇಳೂದು ಗಟ್ಟಿ ಗೊತ್ತದೆ. ಯಾವತ್ತು ಆಯ್ತು, ಯಾರ್ಯಾರು ಬಂದಿದ್ರು, ಅದಷ್ಟೇ ಹೋಗೀದೆ. ಗೊತ್ತಿದ್ದದ್ದೇ ಹೋದ್ರೆ ಮಾತ್ರ ಹೆದರ್ಬೇಕು."

"ಗೊತ್ತಿದ್ದದ್ದೂ ಹೋದಂಗೇ ಅದೆ ಸರ್," ಎಂದೆ ನಾನು.

ನಮ್ಮ ಬಸ್ಸಿನ ಕಂಡಕ್ಟರನಿಗೆ ಒಂದು ಅಭ್ಯಾಸ. ಏನು ಕೇಳಿದರೂ "ಹಾಂ? ಎಂತದು?" ಅನ್ನುತ್ತಾನೆ. ನಾವು ಮತ್ತೊಮ್ಮೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಕೊಟ್ಟೇಬಿಡುತ್ತಾನೆ. ನನಗೆ ಮೈ ಉರಿಯುತ್ತಿತ್ತು. ಸರ್‌ಗೆ ಮಾತ್ರ ಅವನೆಂದರೆ ಹಬ್ಬ. "ನೋಡಿ ನೋಡಿ, ಶಬ್ದ ಇನ್ನೂ ಕಿವಿ ಬಾಗಿಲಲ್ಲೇ ನಿಂತದೆ! ಮಂಡೆಗೆ ಈಗ ಹೋಗ್ತದೆ! ಇದೇ ಇಂದ್ರಿಯದ ನೆನಪು. ಒಂದೆರಡು ಕ್ಷಣದ ಆಯುಷ್ಯ." ಕಂಡಕ್ಟರ್ ಪಾಪ, ತನ್ನನ್ನು ಹೊಗಳುತ್ತಿದ್ದಾರೆಂದು ಭಾವಿಸಿ ಅವರಿಗೆ ಕಿಟಕಿ ಪಕ್ಕದ ಸೀಟು ಬಿಡಿಸಿಕೊಡುತ್ತಿದ್ದ.

ಇನ್ನು ನಾನು ಸೆರಗಿಗೆ ಗಂಟು ಹಾಕಿಕೊಳ್ಳುವವಳು. ಸಂಜೆ ತೆಂಗಿನಕಾಯಿ ತರಬೇಕು, ಅತ್ತೆಯ ಮಾತ್ರೆ ತರಬೇಕು, ಹೀಗೆ ಮುಂದೆ ಮಾಡಬೇಕಾದ್ದಕ್ಕೆಲ್ಲ ಒಂದೊಂದು ಗಂಟು. ಅವರು ಅದನ್ನು ನೋಡಿ, "ಏನೋ ಒಂದು ಉಂಟು ಹೇಳೂದಷ್ಟೇ ಗಂಟು ಹೇಳ್ತದೆ, ಎಂತದು ಹೇಳೂದಿಲ್ಲ" ಎಂದು ನಗುವರು. ಅವರ ಮಾತು ನಿಜವೇ. ಒಂದು ಸಂಜೆ ಅಂಕೋಲೆ ಪೇಟೆಯಲ್ಲಿ ಮೂರು ಗಂಟು ಹಿಡಿದು ನಿಂತು, ಯಾವುದಕ್ಕೆ ಯಾವುದೆಂದು ತಿಳಿಯದೆ ಮನೆಗೆ ಬಂದು ಅತ್ತೆಯ ಹತ್ತಿರ ಬೈಸಿಕೊಂಡಿದ್ದೇನೆ.

ಇಷ್ಟೆಲ್ಲ ಮಾತಾಡುವ ಮನುಷ್ಯ ಬೆಳಿಗ್ಗೆ ಒಂದಷ್ಟು ಹೊತ್ತು ಮಾತ್ರ ಬಾಯಿ ಮುಚ್ಚಿ ಕಿಟಕಿಯ ಹೊರಗೆ ನೋಡುತ್ತಾ ತುಟಿ ಆಡಿಸುತ್ತಿದ್ದರು. ಜಪ ಎಂದೇ ನಾವೆಲ್ಲ ತಿಳಿದದ್ದು. ಮೀನು ಮಾರಲು ದಿನಾ ನಮ್ಮ ಜೊತೆ ಕಾರವಾರಕ್ಕೆ ಬರುವ ಒಬ್ಬಳು ಮುದುಕಿ ಇದ್ದಳು. ಅವಳಂತೂ ಆ ಹೊತ್ತಿಗೆ ತನ್ನ ಬುಟ್ಟಿಯನ್ನು ಅವರ ಕಾಲಿನಿಂದ ದೂರ ಎಳೆದುಕೊಂಡು, "ಮಾಸ್ತರ್ರು ದೇವ್ರ ಹೆಸ್ರು ಹೇಳ್ತವ್ರೆ, ಮೈಲಿಗೆ ಆಗೂದು ಬೇಡ" ಎನ್ನುವಳು. ಕೇಣಿಯ ಮನುಷ್ಯನಿಗೆ ಮೀನಿನ ಮೈಲಿಗೆಯಂತೆ!

ಅದು ಜಪ ಅಲ್ಲವೆಂದು ನನಗೆ ತಿಳಿದದ್ದು ಒಂದು ದಿನ ಡ್ರೈವರ್ ವಿಪರೀತ ಓಡಿಸಿದಾಗ. ಇವರು ಎದ್ದು ನಿಂತು, "ಮಾರಾಯಾ, ಸ್ವಲ್ಪ ನಿಧಾನ! ನಂದು ಅಮದಳ್ಳೀದು ಇನ್ನೂ ಇಟ್ಟೇ ಆಗಲಿಲ್ಲ!" ಎಂದು ಕೂಗಿದರು. ಇಡೀ ಬಸ್ಸು ಅವರ ಸಾಮಾನು ಎಲ್ಲಿದೆ ಎಂದು ಸೀಟಿನ ಕೆಳಗೆ ಹುಡುಕಿತು.

ಆಮೇಲೆ ನನ್ನ ಹತ್ತಿರ ಗುಟ್ಟು ಬಿಟ್ಟರು. ಅವರು ಕ್ಲಾಸಿಗೆ ಒಂದು ಚೀಟಿಯನ್ನೂ ಒಯ್ಯುತ್ತಿರಲಿಲ್ಲ. ಪಾಠವನ್ನೆಲ್ಲ ಅಂಕೋಲೆಯಿಂದ ಕಾರವಾರದ ತನಕ ರಸ್ತೆಯುದ್ದಕ್ಕೂ ಇಟ್ಟುಕೊಂಡು ಬರುತ್ತಿದ್ದರು. ಅವರ್ಸಾದ ಹತ್ತಿರ ಒಂದು ದೊಡ್ಡ ಗೋಳಿಮರ ಇತ್ತು, ಅದರ ತುಂಬ ಕಾಗೆ. ಬಸ್ಸು ದಾಟಿದ ಮೇಲೂ ಒಂದು ಕ್ಷಣ ಆ ಗದ್ದಲ ಕಿವಿಯಲ್ಲಿರುತ್ತದೆ, ಆಮೇಲೆ ಹೋಗುತ್ತದೆ. ಅಲ್ಲಿ ಇಂದ್ರಿಯದ ನೆನಪು. ಅಮದಳ್ಳಿಯಲ್ಲಿ ಒಂದು ಚಾದಂಗಡಿ. ಬೆಂಚಿನ ಮೇಲೆ ನಾಲ್ಕು ಜನಕ್ಕೆ ಮಾತ್ರ ಜಾಗ, ಐದನೆಯವ ಬಂದರೆ ಮೊದಲು ಕೂತವ ಏಳಬೇಕು. ಅದು ಅಲ್ಪಾವಧಿಯ ನೆನಪು. ಚೆಂಡಿಯಾದಲ್ಲಿ ಒಂದು ಶಾಲೆ, ಅಲ್ಲಿ ಗೊತ್ತಿದ್ದರ ನೆನಪು. ಅರ್ಗಾದಲ್ಲಿ ಒಂದು ಹಂಚಿನ ಮನೆ. ಚಿಕ್ಕವರಿದ್ದಾಗ ಅಲ್ಲಿ ಮದುವೆಗೆ ಹೋಗಿ ಹೊಸ ಚಪ್ಪಲಿ ಕಳೆದುಕೊಂಡಿದ್ದರಂತೆ, ಹಾಗಾಗಿ ಅಲ್ಲಿ ಆಗಿದ್ದರ ನೆನಪು. ಬಿಣಗಾದ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೈಕಾಲಿನ ನೆನಪು. ಸೈಕಲ್ ಕಲಿತವನು ಮರೆಯುವುದಿಲ್ಲವಲ್ಲ, ಅದಕ್ಕೆ. ಬಿಣಗಾ ದಾಟಿದ ಮೇಲೆ ಸಮುದ್ರ ಕಾಣುವ ತಿರುವಿನಲ್ಲಿ ಮರೆವು.

"ಅಲ್ಲೆಂತಕ್ಕೆ ಮರೆವು?" ಎಂದು ಕೇಳಿದೆ.

"ಅಲ್ಲಿ ಗಾಳಿ ಅಕ್ಕೋರೇ. ಇಟ್ಟದ್ದು ನಿಲ್ಲೂದಿಲ್ಲ."

ಕ್ಲಾಸಿನಲ್ಲಿ ಕಣ್ಣು ಮುಚ್ಚಿದರೆ ಬಸ್ಸು ಹೊರಡುತ್ತಿತ್ತು, ಒಂದೊಂದು ಕಡೆ ಇಳಿದು ಇಟ್ಟದ್ದನ್ನು ಎತ್ತಿಕೊಳ್ಳುತ್ತಿದ್ದರು. ವಿದ್ಯಾರ್ಥಿಗಳ ಹೆಸರುಗಳೂ ಹಾಗೆಯೇ ರಸ್ತೆ ಬದಿಯಲ್ಲಿ ಕೂತಿದ್ದವು. ಒಮ್ಮೆ ಒಬ್ಬಳಿಗೆ, "ನೀನು ಹಾರವಾಡ ಕ್ರಾಸಿನವಳಲ್ದಾ?" ಎಂದರು. ಅವಳು, "ಅಲ್ಲ ಸರ್, ನಾನು ಹಿಲ್ಲೂರವಳು" ಎಂದಳು. "ಅದು ನಿನ್ನ ಮನೆ. ನಾನು ನಿನ್ನ ಇಟ್ಟದ್ದು ಹಾರವಾಡ ಕ್ರಾಸಲ್ಲಿ" ಎಂದರು ಇವರು. ಆ ಹುಡುಗಿ ಹೆದರಿ ನನ್ನ ಹತ್ತಿರ ಬಂದು, ಸರ್ ತನ್ನನ್ನು ಎಲ್ಲಿ ಇಟ್ಟಿದ್ದಾರೆಂದು ಕೇಳಿದಳು. ಅವಳಿಗೆ ವಿಷಯ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಒಂದು ಸಲ ಬಸ್ ಮುಷ್ಕರವಾಯಿತು. ನಾವಿಬ್ಬರೂ ರೈಲಿನಲ್ಲಿ ಬಂದು ಕಾರವಾರದ ಪಕ್ಕದ ಶಿರವಾಡದ ಸ್ಟೇಶನ್ನಿನಲ್ಲಿ ಇಳಿದೆವು. ರಿಕ್ಷಾ ಹತ್ತುವಾಗ ಇವರ ಮುಖ ಸಪ್ಪೆ. "ಹುಷಾರಿಲ್ವಾ ಸರ್?" ಎಂದೆ. "ನಾನು ರೈಲಲ್ಲಿ ಬಂದೆ, ಪಾಠ ಎಲ್ಲ ರಸ್ತೆ ಮೇಲೇ ಉಳೀತು" ಎಂದರು. ಆವತ್ತು ಮಕ್ಕಳಿಗೆ ಗುಂಪು ಚರ್ಚೆ ಕೊಟ್ಟು ಸುಮ್ಮನೆ ಕೂತರು.

ಅಷ್ಟರಲ್ಲಿ ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾಯಿತು. ನಮಗೆಲ್ಲ ಧೂಳಿನ ಚಿಂತೆ, ಬಸ್ಸು ತಡವಾಗುವ ಚಿಂತೆ. ಅವರು ಮಾತ್ರ ಕಿಟಕಿಯ ಸರಳು ಹಿಡಿದು, ತನ್ನ ಮನೆಗೇ ಬುಲ್ಡೋಜರ್ ಬಂದವರ ಹಾಗೆ ಕೂತಿರುತ್ತಿದ್ದರು. ಒಂದು ಬೇಸಿಗೆ ರಜೆ ಕಳೆದು ಜೂನಿನಲ್ಲಿ ಬಸ್ಸು ಹತ್ತಿದರೆ ಗೋಳಿಮರ ಇಲ್ಲ. ಚಾದಂಗಡಿ ಇದ್ದಲ್ಲಿ ಜಲ್ಲಿಯ ರಾಶಿ. ಅರ್ಗಾದ ಹಂಚಿನ ಮನೆ ಅರ್ಧಕ್ಕರ್ಧ ಹೋಗಿ, ಒಳಗಿನ ಹಸಿರು ಗೋಡೆ ರಸ್ತೆಗೆ ಕಾಣುತ್ತಿತ್ತು. ಸೈಕಲ್ ಅಂಗಡಿಯವ ಎಲ್ಲಿಗೆ ಹೋದನೋ. ಕೊನೆಗೆ ಸಮುದ್ರದ ತಿರುವಿಗೂ ಹೋಗುವುದು ತಪ್ಪಿತು, ಬಸ್ಸು ಗುಡ್ಡದ ಸುರಂಗದಲ್ಲಿ ನುಗ್ಗಿ ಸೀದಾ ಕಾರವಾರದಲ್ಲಿ ಎದ್ದಿತು.

ಆ ವರ್ಷ ನೆನಪಿನ ಪಾಠ ಬಂದಾಗ ಕ್ಲಾಸಿನಲ್ಲಿ ಕಣ್ಣು ಮುಚ್ಚಿ ನಿಂತವರು ತೆರೆಯಲೇ ಇಲ್ಲ. ಮಕ್ಕಳು ಕಾದರು. ಕಡೆಗೆ ಇವರು, "ಮರ ಕಡಿದ್ರು" ಎಂದಷ್ಟೇ ಹೇಳಿ ಹೊರಗೆ ಬಂದರು. ವಾರದ ಪರೀಕ್ಷೆಯಲ್ಲಿ ಒಬ್ಬ, ನೆನಪಿನ ವಿಧಗಳನ್ನು ಬರೆಯಿರಿ ಎಂದದ್ದಕ್ಕೆ, ಮೊದಲನೆಯದು ಮರ ಕಡಿಯುವುದು ಎಂದು ಬರೆದಿದ್ದ. ಅವನಿಗೆ ಅರ್ಧ ಅಂಕ ಕೊಟ್ಟರು.

ನಾನು ನಕ್ಕಿದ್ದೆ. ಮರುದಿನ ಬಸ್ಸಿನಲ್ಲಿ ಅವರು ನಗಲಿಲ್ಲ.

"ಅಕ್ಕೋರೇ, ಮರ ಹೋಯ್ತು ಹೇಳಿ ಪಾಠ ಹೋಯ್ತಾ? ಅಥವಾ ನಂದೇ ಹೋಗ್ತಾ ಅದೆಯಾ?" ಎಂದರು. ಆಮೇಲೆ, "ನಮ್ಮ ಅಮ್ಮಂದು ಹಾಗೇ ಶುರು ಆದದ್ದು" ಎಂದರು.

ಅವರು ಕ್ಲಾಸಿನಲ್ಲಿ ಪ್ರತಿ ವರ್ಷ ಒಂದು ಹೆಂಗಸಿನ ಕತೆ ಹೇಳುತ್ತಿದ್ದದ್ದು ನನಗೆ ಗೊತ್ತಿತ್ತು. ಪುಸ್ತಕದ ಉದಾಹರಣೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಅದು ಅವರ ತಾಯಿ. ಕೇಣಿಯಿಂದ ಬುಟ್ಟಿ ಹೊತ್ತು ಮೀನು ಮಾರಿ ಇವರನ್ನು ಓದಿಸಿದವಳು. ಕೊನೆಕೊನೆಗೆ ಅವಳಿಗೆ ಊರು ಮರೆಯಿತು, ಸತ್ತ ಗಂಡ ಮರೆತ, ಮಕ್ಕಳ ಹೆಸರು ಮರೆಯಿತು. ಇವರು ಎದುರಿಗೆ ಕೂತರೆ ಸೆರಗು ಸರಿ ಮಾಡಿಕೊಂಡು, "ನೀವು ಯಾರ ಮನಿಯವ್ರು?" ಎಂದು ಮರ್ಯಾದೆಯಿಂದ ಕೇಳುತ್ತಿದ್ದಳಂತೆ. ಆದರೆ ಈಳಿಗೆಯ ಎದುರು ಕೂರಿಸಿ ಕೈಗೆ ಬಂಗಡೆ ಕೊಟ್ಟರೆ, ಒಂದು ಮುಳ್ಳು ತಾಗಿಸಿಕೊಳ್ಳದೆ ಬುಟ್ಟಿ ಖಾಲಿ ಮಾಡುವಳು.

"ಕೈಗೆ ನೆನಪಿತ್ತು. ನಾನಿರಲಿಲ್ಲ," ಎಂದರು ಸರ್. "ಕೊಯ್ದು ಮುಗಿಸಿ ದಪ್ಪ ದಪ್ಪದ್ದು ನಾಲ್ಕು ಬೇರೆ ತೆಗೆದು, ತಕಣಿ ಮಾಸ್ತರ್ರೇ, ಮನೇಲಿ ಮಕ್ಕಳಿದ್ದಾರಲ್ಲ ಹೇಳಿ ನಂಗೇ ಕೊಡೂದು. ಮಾಸ್ತರ್ ಹೇಳಿ ಹ್ಯಾಗೆ ಗೊತ್ತಾಯ್ತು ಹೇಳಿ ಕೇಳಿದ್ರೆ, ನಿಮ್ಮ ಕಿವಿ ಮೇಲೆ ಸುಣ್ಣದ ಕಡ್ಡಿ ಅದೆಯಲ್ಲ, ಅಂದ್ಳು."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವರೂ ಅರ್ಧ ನಕ್ಕು ಕಿಟಕಿಯ ಕಡೆ ತಿರುಗಿದರು. ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತು. ತನಗೂ ಅದೇ ಕಾಯಿಲೆಯಾದರೆ ಈಗಲೇ ಕೆಲಸ ಬಿಡುವುದೆಂದು ನಿರ್ಧಾರ ಮಾಡಿದ್ದರು. ಮಕ್ಕಳ ಎದುರು ಕಣ್ಣು ಮುಚ್ಚಿ ನಿಂತು, ತೆರೆದಾಗ ಅವರು ಯಾರೆಂದು ತಿಳಿಯದೆ ಹೋದರೆ ಎಂಬ ಹೆದರಿಕೆ. ಹೆಂಡತಿಗೆ ಹೇಳಿರಲಿಲ್ಲ. ಹೇಳಿದರೆ ಅವರು ಆ ದಿನವೇ ಹತ್ತು ದೇವಸ್ಥಾನಕ್ಕೆ ಹರಕೆ ಹೇಳಿಕೊಳ್ಳುವವರು.

"ನೀವು ಗಣಿತದವ್ರು, ದಾಕ್ಷಿಣ್ಯ ಇಲ್ದವ್ರು. ನಂಗೆ ದಿನಾ ಪರೀಕ್ಷೆ ಮಾಡಿ," ಎಂದರು. ಇದು ಹೊಗಳಿಕೆಯೋ ಬೈಗುಳವೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಹಾಗೆ ಅಂಕೋಲೆ ಸ್ಟ್ಯಾಂಡಿನಲ್ಲಿ ನಾನು ಐದು ಶಬ್ದ ಹೇಳುವುದು, ಬಿಣಗಾದಲ್ಲಿ ಅವರು ಒಪ್ಪಿಸುವುದು ಶುರುವಾಯಿತು. ನಾನೂ ಸುಲಭದ್ದು ಕೊಡುವವಳಲ್ಲ. ಕರ್ಣರೇಖೆ, ಹಾಗಲಕಾಯಿ, ತಹಶೀಲ್ದಾರ, ಹೀಗೆ ಒಂದಕ್ಕೊಂದು ಸಂಬಂಧ ಇಲ್ಲದ್ದು. ಒಪ್ಪಿಸುವಾಗ ಅವರ ಹಣೆಯಲ್ಲಿ ಬೆವರು. ಒಂದು ದಿನ ಐದನ್ನೂ ಪಟಪಟ ಹೇಳಿ, "ಸರಿ ಆಯ್ತಾ?" ಎಂದು ಕೇಳಿದರು. ನಾನು ಬಾಯಿ ತೆರೆದೆ. ನಾನು ಕೊಟ್ಟ ಶಬ್ದ ಯಾವುವೆಂದು ನನಗೇ ನೆನಪಿರಲಿಲ್ಲ. "ಸರಿ," ಎಂದೆ ಗಂಭೀರವಾಗಿ. ಅವರು ನನ್ನ ಮುಖವನ್ನೇ ನೋಡಿ, "ಹಾಗಲಕಾಯಿ ನಾನು ಈಗ ಸೇರಿಸಿದ್ದು ಅಕ್ಕೋರೇ. ನೀವು ಕೊಟ್ಟದ್ದು ಬಸಳೆ" ಎಂದರು. ಮೀನಿನ ಮುದುಕಿ, "ಬಸ್ಲೆ ಹೌದು, ನಾನೂ ಕೇಳೀದೆ" ಎಂದು ಸಾಕ್ಷಿ ಹೇಳಿದಳು.

ಆದರೂ ಅವರ ಹೆದರಿಕೆ ಹೋಗಲಿಲ್ಲ. ಕೊಡೆ ಮರೆತರೆ ಲೆಕ್ಕ, ಸೊಸೆಯ ತಮ್ಮನ ಹೆಸರು ತಡವಾಗಿ ಬಂದರೆ ಲೆಕ್ಕ. ಊಟದ ಡಬ್ಬಿಯನ್ನು ಹಾಗೇ ವಾಪಸು ಒಯ್ಯತೊಡಗಿದರು. ಬಂಗಡೆ ಹುರಿದದ್ದು ಡಬ್ಬಿಯಲ್ಲಿದ್ದೂ ಮುಟ್ಟಲಿಲ್ಲವೆಂದ ದಿನ ನಾನು ತಡೆಯಲಾರದೆ ಹೇಳಿದೆ. "ಸಾಕು ಸರ್ ಈ ಆಟ. ಶನಿವಾರ ಹುಬ್ಬಳ್ಳಿಯಿಂದ ಮೆದುಳಿನ ಡಾಕ್ಟರ್ ಬರ್ತಾರೆ. ನಾನೂ ಬರ್ತೆ. ಒಂದು ತೀರ್ಮಾನ ಆಗ್ಲಿ."

ಡಾಕ್ಟರ್ ಚಿಕ್ಕ ವಯಸ್ಸಿನವರು. ನಮ್ಮಿಬ್ಬರನ್ನೂ ನೋಡಿ ನನಗೆ, "ಯಜಮಾನರಿಗೆ ಯಾವಾಗಿಂದ ಹೀಗೆ?" ಎಂದರು.

"ನಮ್ಮ ಯಜಮಾನ್ರು ಮನೇಲಿದ್ದಾರೆ. ಅವರಿಗೆ ಮದ್ವೆ ಆದ ದಿನದಿಂದ ಹೀಗೆ. ಇವರು ನನ್ನ ಸಹೋದ್ಯೋಗಿ," ಎಂದೆ.

ಡಾಕ್ಟರ್ ಪ್ರಶ್ನೆ ಶುರು ಮಾಡಿದರು. ಇವತ್ತು ಯಾವ ವಾರ? ಇವರು ಕಣ್ಣು ಮುಚ್ಚಿ, "ನೀವು ಶನಿವಾರ ಮಾತ್ರ ಬರೂದು, ಹಾಗಾಗಿ ಶನಿವಾರ. ಆದ್ರೆ ಇದು ನೆನಪಲ್ಲ ಡಾಕ್ಟ್ರೇ, ತರ್ಕ. ನಿಮ್ಮ ಪ್ರಶ್ನೆ ಸರಿ ಇಲ್ಲ" ಎಂದರು. ಡಾಕ್ಟರ್ ತಾವೇ ಮೂರು ಹೆಸರು ಹೇಳಿ, ಇವನ್ನು ಆಮೇಲೆ ಕೇಳುತ್ತೇನೆ ಎಂದರು. ಆಮೇಲೆ ಕೇಳಿದಾಗ ಇವರು, "ನಿಮ್ಮ ಕನ್ನಡಕದ ಮೇಲೆ ಬಾಳೆಹಣ್ಣು, ಫ್ಯಾನಿನ ಮೇಲೆ ಬೀಗದ ಕೈ, ನಿಮ್ಮ ನರ್ಸ್ ತಲೆ ಮೇಲೆ ಕುದುರೆ" ಎಂದರು. ನರ್ಸ್ ತಲೆ ಮುಟ್ಟಿ ನೋಡಿಕೊಂಡಳು. ಡಾಕ್ಟರ್ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ, "ಇವರು ಹೀಗೆ ಮಾತಾಡಲು ಶುರು ಮಾಡಿ ಎಷ್ಟು ದಿನ ಆಯ್ತು? ನಿಮಗೆ ಏನು ಬದಲಾವಣೆ ಕಂಡಿದೆ? ನಿಜ ಹೇಳಿ" ಎಂದರು.

ಸರ್ ನನ್ನನ್ನೇ ನೋಡುತ್ತಿದ್ದರು.

"ಡಾಕ್ಟ್ರೇ, ಇವರು ಮೊದ್ಲಿಂದ್ಲೂ ಹೀಗೇ," ಎಂದೆ. "ಇವರ ತಲೇಲಿ ಬದಲಾವಣೆ ಆಗಲಿಲ್ಲ. ರಸ್ತೆಯಲ್ಲಿ ಆಗೀದೆ."

ಗೋಳಿಮರದಿಂದ ಸುರಂಗದ ತನಕ ಎಲ್ಲವನ್ನೂ ನಾನು ಬಿಡಿಸಿ ಹೇಳಬೇಕಾಯಿತು. ಹೊರಗೆ ಕಾಯುತ್ತಿದ್ದ ರೋಗಿಗಳು ಬಾಗಿಲು ಬಡಿದರು. ಡಾಕ್ಟರ್ ಮೊದಲು ನಕ್ಕರು, ಆಮೇಲೆ ಸ್ಕ್ಯಾನ್ ಬರೆದರು. ಮುಂದಿನ ಶನಿವಾರ ಅದನ್ನು ಬೆಳಕಿಗೆ ಹಿಡಿದು ನೋಡಿ, ವಯಸ್ಸಿಗೆ ತಕ್ಕ ಹಾಗಿದೆ, ಏನೂ ಇಲ್ಲ ಎಂದರು.

"ಮರೆತಿದ್ದೇನೆ ಎಂದು ನಿಮಗೇ ಗೊತ್ತಾಗುತ್ತದಲ್ಲ ಸರ್? ಆ ಕಾಯಿಲೆಯವರು ಸಾಮಾನ್ಯವಾಗಿ ತಾವಾಗಿ ನನ್ನ ಹತ್ತಿರ ಬರುವುದಿಲ್ಲ, ಮನೆಯವರು ಕರೆತರುತ್ತಾರೆ. ನೀವು ಎಲ್ಲರ ಹಾಗೆ ಮರೆಯಿರಿ. ಅದಕ್ಕೆ ಔಷಧಿ ಬೇಡ."

ಹೊರಗೆ ಬಂದು ಹೋಟೆಲಿನಲ್ಲಿ ಕೂತೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಸುಮಾರು ಹೊತ್ತು ಅತ್ತರು. ನನಗೂ ತಡೆಯಲಾಗಲಿಲ್ಲ. ಮಾಣಿ ಬಂದವನು ನಮ್ಮಿಬ್ಬರನ್ನೂ ನೋಡಿ ನೀರಿಟ್ಟು ಹೋಗಿ, ಮತ್ತೆ ಬರಲು ಹೆದರಿ ದೂರದಲ್ಲೇ ನಿಂತ. ಆಮೇಲೆ ಸರ್ ಮೂರು ಪ್ಲೇಟು ಬನ್ಸ್ ತಿಂದರು.

ಕೆಲಸ ಬಿಡುವ ಮಾತು ಮತ್ತೆ ಎತ್ತಲಿಲ್ಲ. ಆದರೆ ಪಾಠ ಇಡುವುದೆಲ್ಲಿ? ಹೊಸ ರಸ್ತೆಯಲ್ಲಿ ಮೊದಲಿಂದ ಕೊನೆ ತನಕ ಒಂದೇ ತರದ ಕಬ್ಬಿಣದ ಬೇಲಿ, ಒಂದೇ ತರದ ಹಸಿರು ಬೋರ್ಡು. "ಯಾವುದ್ರಲ್ಲಿ ಇಟ್ಟೆ ಹೇಳಿ ಗೊತ್ತಾಗೂದೇ ಇಲ್ಲ" ಎಂದು ಗೊಣಗಿದರು. ಸುರಂಗದಲ್ಲಿ ಇಡಿ ಎಂದೆ. "ಕತ್ತಲೇಲಿ ಇಟ್ಟದ್ದು ಕೈಗೆ ಸಿಗ್ಬೇಕಲ್ಲ?" ಎಂದರು. ಕಡೆಗೆ ಒಂದು ಉಪಾಯ ಹುಡುಕಿದರು. ರಸ್ತೆಯನ್ನು ಬಿಟ್ಟು ಬಸ್ಸಿನ ಒಳಗಿನವರ ಮೇಲೆ ಪಾಠ ಇಡತೊಡಗಿದರು.

ಕಂಡಕ್ಟರನ ಮೇಲೆ ಇಂದ್ರಿಯದ ನೆನಪು. ಅವನಿಗೆ ಅದು ಸರಿಯಾಗಿಯೇ ಹೊಂದಿತು. ಮೀನಿನ ಮುದುಕಿಯ ಮೇಲೆ ಅಲ್ಪಾವಧಿ. ಅವಳ ಬುಟ್ಟಿಯಲ್ಲಿ ಹಿಡಿಸುವಷ್ಟೇ ಹಿಡಿಸುವುದು, ಮಧ್ಯಾಹ್ನದೊಳಗೆ ಖಾಲಿಯಾಗಬೇಕು, ಇಲ್ಲದಿದ್ದರೆ ಹಾಳು. ಬ್ಯಾಂಕಿನ ಗುಮಾಸ್ತರೊಬ್ಬರು ಹತ್ತಿದ ಕೂಡಲೇ ಬಾಯಿ ತೆರೆದು ಮಲಗುತ್ತಿದ್ದರು, ಮರೆವು ಅವರ ಪಾಲಿಗೆ ಬಂತು. ಈ ಏರ್ಪಾಡಿನಲ್ಲಿ ಒಂದೇ ತೊಂದರೆ. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಮೀನಿಲ್ಲ, ಮುದುಕಿಯೂ ಬಸ್ಸಿಗೆ ಬರುತ್ತಿರಲಿಲ್ಲ. ಹಾಗಾಗಿ ಆ ಎರಡು ವರ್ಷ ನಮ್ಮ ಕಾಲೇಜಿನಲ್ಲಿ ಅಲ್ಪಾವಧಿ ಸ್ಮೃತಿಯ ಪಾಠ ಆಗಸ್ಟಿನಲ್ಲಿ ದೋಣಿ ಇಳಿದ ಮೇಲೆಯೇ ಆಗುತ್ತಿತ್ತು. ಪ್ರಾಂಶುಪಾಲರು ಕಾರಣ ಕೇಳಿದರೆ, "ಮಾಲು ಬರಲಿಲ್ಲ ಸರ್" ಎನ್ನುತ್ತಿದ್ದರು.

"ನನ್ನ ಮೇಲೆ ಎಂತ ಇಟ್ಟೀರಿ?" ಎಂದು ನಾನು ಕೇಳಿದೆ. ಯಾರಿಗಾದರೂ ಕುತೂಹಲ ಇರುವುದಿಲ್ಲವೇ?

"ಅದು ಪಾಠದ್ದಲ್ಲ ಅಕ್ಕೋರೇ. ಬೇರೆ ಒಂದು," ಎಂದರು.

"ಹಾಗಾದ್ರೆ ಹೇಳಿ."

"ಹೇಳಿದ್ರೆ ನಿಮಗೆ ಭಾರ ಆಗ್ತದೆ. ಬರೂ ದಿನ ಬರ್ಲಿ."

ನಾನೂ ಹಟಮಾರಿ. ವಾರಕ್ಕೊಮ್ಮೆ ಕೇಳುತ್ತಿದ್ದೆ. ಅವರು ಬಾಯಿ ಬಿಡಲಿಲ್ಲ.

ನಿವೃತ್ತಿಯ ದಿನ ಶಾಲು, ಹಾರ, ಭಾಷಣ ಬೇಡ, ಒಂದು ಕ್ಲಾಸು ತೆಗೆದುಕೊಳ್ಳುತ್ತೇನೆ ಎಂದರು. ಕ್ಲಾಸಿಗೆ ನಮ್ಮ ಬಸ್ಸಿನವರನ್ನೆಲ್ಲ ಕರೆದಿದ್ದರು. ಕಂಡಕ್ಟರ್ ರಜೆ ಹಾಕಿ ಇಸ್ತ್ರಿ ಅಂಗಿಯಲ್ಲಿ ಬಂದಿದ್ದ. ಮುದುಕಿ ಬುಟ್ಟಿಯನ್ನು ಬಾಗಿಲ ಹೊರಗಿಟ್ಟು, ಕಾಗೆ ಬರದ ಹಾಗೆ ಒಂದು ಕಣ್ಣು ಅದರ ಮೇಲೇ ಇಟ್ಟುಕೊಂಡು ಕೂತಳು. ಗುಮಾಸ್ತರು ಇಲ್ಲಿಯೂ ಮಲಗಿದರು. ನಾನು ಕೊನೆಯ ಬೆಂಚಿನಲ್ಲಿ ಕೂತೆ.

ಅಂಥ ಪಾಠ ನಾನು ಕೇಳಿಲ್ಲ. ಒಬ್ಬೊಬ್ಬರ ಮುಖ ನೋಡುವುದು, ಸೀಮೆಸುಣ್ಣ ಮುಟ್ಟುವುದು, ಒಂದೊಂದನ್ನೇ ಎತ್ತಿ ಮಕ್ಕಳ ಮುಂದೆ ಇಡುವುದು. ಕಂಡಕ್ಟರನಿಗೆ ಏನೋ ಕೇಳಿದರು, ಅವನು "ಹಾಂ? ಎಂತದು?" ಎಂದು ಮರುಕ್ಷಣವೇ ಉತ್ತರ ಕೊಟ್ಟ, ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ತಾಯಿಯ ಕತೆ ಹೇಳುವಾಗ ಮೊದಲ ಬಾರಿಗೆ "ನಮ್ಮ ಅಮ್ಮ" ಎಂದರು. ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಗುಮಾಸ್ತರ ಗೊರಕೆಯೊಂದಿಗೆ ಮರೆವಿನ ಭಾಗವೂ ಮುಗಿಯಿತು.

"ಕೊನೇದು ಒಂದು ಉಂಟು. ಇದು ಪುಸ್ತಕದಲ್ಲಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿ ನಾನೇ ಕಂಡುಕೊಂಡದ್ದು. ಇದನ್ನ ನಮ್ಮ ಗಣಿತದ ಅಕ್ಕೋರ ಹತ್ರ ಇಟ್ಟಿದ್ದೇನೆ," ಎಂದು ನನ್ನನ್ನು ನೋಡಿದರು.

ಮಕ್ಕಳೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ಸೆರಗು ಸರಿ ಮಾಡಿಕೊಂಡೆ. ಅವರು ಕಣ್ಣು ಮುಚ್ಚಿದರು. ಸೀಮೆಸುಣ್ಣ ಮುಟ್ಟಿದರು. ಮತ್ತೊಮ್ಮೆ ಮುಟ್ಟಿದರು. ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಹೊರಗೆ ಕಾಗೆಯೊಂದು ಬುಟ್ಟಿಯ ಹತ್ತಿರ ಇಳಿದರೂ ಮುದುಕಿ ಏಳಲಿಲ್ಲ. ದೇವರೇ, ಇವತ್ತು ಬೇಡ, ಈ ಮಕ್ಕಳ ಎದುರು ಬೇಡ ಎಂದುಕೊಂಡೆ.

ಅವರು ಕಣ್ಣು ಬಿಟ್ಟರು. ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು.

"ಅಕ್ಕೋರೇ," ಎಂದರು, "ಮರ್ತೇ ಹೋಯ್ತು."

ಮೊದಲು ನಕ್ಕವರು ಅವರೇ. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಮರ್ತೆ! ನೋಡಿ ಮಕ್ಕಳೇ, ಮರ್ತದ್ದು ನಂಗೆ ಚೆಂದ ಗೊತ್ತದೆ!" ಎಂದು, ದೊಡ್ಡ ಬಹುಮಾನ ಬಂದವರ ಹಾಗೆ ಎರಡೂ ಕೈ ಎತ್ತಿದರು. ಮಕ್ಕಳಿಗೆ ಏನೂ ಅರ್ಥವಾಗದೆ ಅವರೂ ನಕ್ಕರು. ಎಲ್ಲರೂ ನಗುವಾಗ ನಾನೊಬ್ಬಳು ಕೊನೆಯ ಬೆಂಚಿನಲ್ಲಿ ಹುಚ್ಚಿಯ ಹಾಗೆ ಅಳುತ್ತಿದ್ದೆ.

ಆಮೇಲೆ ಅವರು ಹಲವು ವರ್ಷ ಬದುಕಿದರು. ಕೊನೆಯ ದಿನದ ತನಕ ತಲೆ ಚುರುಕಾಗಿಯೇ ಇತ್ತು, ನಿಂತದ್ದು ಹೃದಯ. ಅಂಕೋಲೆ ಪೇಟೆಯಲ್ಲಿ ಸಿಕ್ಕಿದಾಗೆಲ್ಲ, "ನೆನಪಾಯ್ತಾ ಸರ್?" ಎಂದು ನಾನು ಕೇಳುವುದು, "ಇಲ್ಲ ಅಕ್ಕೋರೇ, ನಿಮ್ಮ ಹತ್ರವೇ ಅದೆ, ಎಲ್ಲಿ ಹೋಗ್ತದೆ" ಎಂದು ಅವರು ನಗುವುದು. ಹೋದ ತಿಂಗಳು ಮೀನು ಪೇಟೆಯಲ್ಲಿಯೂ ಅದನ್ನೇ ಕೇಳಿದ್ದೆ, ಅದನ್ನೇ ಹೇಳಿದ್ದರು. ಇನ್ನು ಕೇಳಲು ಅವರಿಲ್ಲ. ಇಷ್ಟು ವರ್ಷ ಕಲಿಸಿ ಆ ಮನುಷ್ಯ ಕಂಡುಕೊಂಡದ್ದು ಅದೆಂಥದೋ ನನ್ನ ಮೇಲೆ ಎಲ್ಲೋ ಇದೆ, ಅದನ್ನು ಹೊತ್ತುಕೊಂಡೇ ನಾನು ಪೇಟೆಗೆ ಹೋಗುತ್ತೇನೆ, ಬರುತ್ತೇನೆ, ಅಡುಗೆ ಮಾಡುತ್ತೇನೆ.